ಹೆಚ್ಚಿನ ಸಾಮಾನು

ಕೃಷ್ಣೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಎರಡು ಕೋಣೆ, ಒಂದು ಬೇವಿನ ಮರ, ಭಕ್ತರೊಬ್ಬರು ಕೊಟ್ಟ ಹಳೇ ಮೋಟಾರ್ ಸೈಕಲ್. ಹಾಲಯ್ಯಜ್ಜ ಅಲ್ಲಿಯ ಗುರು. ಗದಿಗೆಪ್ಪ ಅವರ ಶಿಷ್ಯ.

ಆ ಗಾಡಿ ದೂರದಿಂದ ಬರುವುದನ್ನು ನೋಡಿದರೆ ಯಾರೋ ಮನೆ ಖಾಲಿ ಮಾಡಿಕೊಂಡು ಹೊರಟಂತೆ ಕಾಣುತ್ತಿತ್ತು. ಎಡಕ್ಕೆ ಪೆಟ್ರೋಲ್ ಡಬ್ಬಿ, ಬಲಕ್ಕೆ ನಟ್ಟು ಬಿಗಿಯುವ ಪಾನಾಗಳ ಚೀಲ, ಅದರೊಳಗೆ ಟ್ಯೂಬು, ಕೇಬಲ್ಲು, ಪ್ಲಗ್ಗು. ಪಕ್ಕದೂರಿಗೆ ಭಿಕ್ಷೆಗೆ ಹೋದರೂ ಗದಿಗೆಪ್ಪ ಇಷ್ಟನ್ನೂ ಕಟ್ಟುತ್ತಿದ್ದ. ಹೊರಡುವ ಮುಂಚೆ ಒಂದೊಂದು ನಟ್ಟನ್ನೂ ಬಿಗಿದು ನೋಡುತ್ತಿದ್ದ. ನೋಡಿದ್ದನ್ನೇ ಮತ್ತೆ ನೋಡುತ್ತಿದ್ದ.

ಜನ ನಗುತ್ತಿದ್ದರು. ಅಜ್ಜ ನಗುತ್ತಿರಲಿಲ್ಲ. ಅವರಿಗೆ ಕಾರಣ ಗೊತ್ತಿತ್ತು.

ಹೊಳೆಯಾಚೆಯ ಊರಿನಲ್ಲಿ ಗದಿಗೆಪ್ಪ ಒಂದು ಕಾಲಕ್ಕೆ ತಮ್ಮ ಮಾನಪ್ಪನೊಡನೆ ಗ್ಯಾರೇಜು ನಡೆಸುತ್ತಿದ್ದ. ಒಂದು ದಿನ ಮಾತಿನ ಭರದಲ್ಲಿ ಮುಂದಿನ ಗಾಲಿಯ ನಟ್ಟು ಬಿಗಿಯುವುದನ್ನು ಮರೆತ. ಆ ಗಾಡಿ ಹತ್ತಿ ಹೋದವನು ತಮ್ಮನೇ. ಮಾನಪ್ಪ ಒಂದು ಕಾಲು ಕಳೆದುಕೊಂಡ.

ಅಣ್ಣ ಆಸ್ಪತ್ರೆಯ ಬಾಗಿಲ ತನಕ ಹೋದ. ಒಳಗೆ ಹೋಗಲಾರದೆ ಹೊಳೆ ದಾಟಿ ಬಂದುಬಿಟ್ಟ. ಆಮೇಲೆ ಆ ದಂಡೆಯನ್ನು ಮೆಟ್ಟಲಿಲ್ಲ.

ಚಳಿಗಾಲದ ಒಂದು ಸಂಜೆ ಅಂಬಿಗರ ದುರಗಪ್ಪ ಸುದ್ದಿ ತಂದ.

"ನಿನ್ನ ತಮ್ಮ ಹೇಳಿ ಕಳಿಸ್ಯಾನ. ನಾಳೆ ಮುಂಜಾನೆ ಆಚಿ ದಂಡಿಗೆ ಬಂದು ನಿಂದರ್ತಾನಂತ. ಅಣ್ಣಗ ಬಾ ಅನ್ನು ಅಂದ."

"ಯಾಕಂತ?"

"ಅದನ್ನ ಹೇಳಲಿಲ್ಲ. ಮಾರಿ ನೋಡಿದ್ರ ಸಿಟ್ಟೋ ಪ್ರೀತಿನೋ ತಿಳೀಲಿಲ್ಲ."

ಗದಿಗೆಪ್ಪ ಅಜ್ಜನ ಬಳಿ ಬಂದು ಕುಳಿತ.

"ಅಜ್ಜಾರ, ನೀವೂ ಬರ್ರಿ."

"ನಾ ಯಾಕೋ?"

"ಅವ ಏನರ ಕೇಳಿದ್ರ ನನಗ ಬಾಯಿ ಬರೂದಿಲ್ಲ. ನೀವಿದ್ರ ನಾಕು ಮಾತು ಹೇಳ್ತೀರಿ."

ಅಜ್ಜ ಅವನನ್ನೇ ನೋಡಿದರು.

"ಆತು. ನನ್ನೂ ಕಟ್ಟಿಕೋ," ಎಂದರು.

ಮರುದಿನ ಎದ್ದರೆ ಲೋಕವೇ ಇರಲಿಲ್ಲ. ಎಲ್ಲಿ ನೋಡಿದರೂ ಮಂಜು. ಅಜ್ಜ ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದು ಕುಳಿತರು. ಗಾಡಿ ಹೊರಟಿತು. ದಾರಿಯ ಎರಡೂ ಕಡೆ ಜೋಳದ ತೆನೆಗಳು ಒಂದಿಷ್ಟು ಕಂಡು ಕರಗುತ್ತಿದ್ದವು. ಎಲ್ಲೋ ಎತ್ತಿನ ಕೊರಳ ಗಂಟೆ ಕೇಳುತ್ತಿತ್ತು, ಎತ್ತು ಮಾತ್ರ ಕಾಣಲಿಲ್ಲ.

ಸ್ವಲ್ಪ ದೂರ ಹೋಗಿರಬಹುದು. ಗಾಡಿ ಕೆಮ್ಮಿ ನಿಂತಿತು.

ಗದಿಗೆಪ್ಪ ಹಾರಿ ಇಳಿದ. ಚೀಲ ಬಿಚ್ಚಿ ಸಾಮಾನೆಲ್ಲ ನೆಲಕ್ಕೆ ಹರವಿದ. ಪ್ಲಗ್ ಬಿಚ್ಚಿ ಒರೆಸಿದ, ಹೊಸದನ್ನು ಹಾಕಿದ. ಕೇಬಲ್ ಎಳೆದು ನೋಡಿದ. ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ. ಪೆಟ್ರೋಲ್ ತುಂಬ ಇತ್ತು. ಕಿಕ್ ಹೊಡೆದೂ ಹೊಡೆದೂ ಚಳಿಯಲ್ಲಿ ಬೆವರಿದ.

ಅಜ್ಜ ಕಲ್ಲಿನ ಮೇಲೆ ತೂಕಡಿಸುತ್ತ ಕುಳಿತಿದ್ದರು.

"ಎಲ್ಲಾ ಸರಿ ಐತ್ರಿ ಅಜ್ಜಾರ. ಆದ್ರೂ ಚಾಲೂ ಆಗವಲ್ದು. ಬ್ಯಾಡ, ಇವತ್ತ ಹೋಗೂದು ಬ್ಯಾಡ. ಇದು ಅಪಶಕುನ."

ಅಜ್ಜ ಎದ್ದು ಬಂದರು. ಬಗ್ಗಿ, ಟ್ಯಾಂಕಿನ ಕೆಳಗೆ ಪೆಟ್ರೋಲ್ ಬಿಡುವ ಪುಟ್ಟ ಕಾಕನ್ನು ಬೆರಳಿಂದ ತಿರುವಿದರು.

ಗದಿಗೆಪ್ಪ ಕಿಕ್ ಹೊಡೆದ. ಗಾಡಿ ಚಾಲೂ ಆಯಿತು.

ಹನಿ ಪೆಟ್ರೋಲೂ ಸೋರಬಾರದೆಂದು ಹಿಂದಿನ ಸಂಜೆ ಅದನ್ನು ಮುಚ್ಚಿದವನು ಗದಿಗೆಪ್ಪನೇ. ಮುಂಜಾನೆ ತೆರೆಯಲು ಮರೆತಿದ್ದ; ಕೊಳವೆಯಲ್ಲಿ ಉಳಿದಷ್ಟರಲ್ಲೇ ಗಾಡಿ ಇಲ್ಲಿಯವರೆಗೆ ಬಂದಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. ಅವನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

"ಇಷ್ಟೆಲ್ಲಾ ಹೇರಿಕೊಂಡು ತಿರಗತೀನಿ. ಆದ್ರೂ ಅಂಜಿಕಿ ಹೋಗವಲ್ದು. ಇನ್ನೇನು ಒಯ್ಬೇಕ್ರಿ ನಾ?"

"ಹೊಳಿ ಬರಲಿ," ಎಂದರು ಅಜ್ಜ.

ಹೊಳೆ ಬಂತು. ನೀರು ಯಾವುದು, ಮಂಜು ಯಾವುದು ಗೊತ್ತಾಗಲಿಲ್ಲ. ದುರಗಪ್ಪನ ದೋಣಿ ನಡು ಆಕಾಶದಲ್ಲಿ ನಿಂತಂತೆ ಕಾಣುತ್ತಿತ್ತು.

"ಗಾಡಿ ಇಲ್ಲೇ ಬಿಡಪಾ," ಎಂದ ದುರಗಪ್ಪ.

"ಆಗೂದಿಲ್ಲ. ಊರು ದಂಡಿಯಿಂದ ದೂರ ಐತಿ. ತಮ್ಮ ಬಡಿಗಿ ಊರಿಕೋತ ಬಂದಿರ್ತಾನ. ಹೊಳ್ಳಿ ಹೋಗುವಾಗರ ಅವ ನಡೀಬಾರದು." ಗದಿಗೆಪ್ಪ ಹಿಂದಿನ ಸೀಟನ್ನು ಅಂಗೈಯಿಂದ ಒರೆಸಿದ. "ನನ್ನ ಗಾಡಿ ಹತ್ತತಾನೋ ಇಲ್ಲೋ, ಯಾರಿಗೆ ಗೊತ್ತು."

ಹಲಗೆ ಇಟ್ಟು ಮೂವರೂ ಸೇರಿ ಗಾಡಿಯನ್ನು ದೋಣಿಗೆ ಏರಿಸಿದರು. ಗದಿಗೆಪ್ಪ ಹತ್ತಿದ. ಅಜ್ಜ ಹತ್ತಿದರು. ದೋಣಿ ತಗ್ಗಿ ನೀರು ಅಂಚಿಗೆ ಬಂತು.

"ಭಾರ ಆತ್ರೀ," ಎಂದ ದುರಗಪ್ಪ. "ಹೆಚ್ಚಿನ ಸಾಮಾನು ಏನೈತಿ, ಇಳಸ್ರಿ."

ಆಗ ಆಚೆಯ ದಂಡೆಯಿಂದ ಒಂದು ಸದ್ದು ಕೇಳಿತು. ಟಕ್. ಕಲ್ಲಿಗೆ ಊರುಗೋಲು ತಾಗುವ ಸದ್ದು. ಮಂಜಿನೊಳಗೆ ಯಾರೋ ಅತ್ತಿಂದಿತ್ತ ನಡೆದಾಡುತ್ತಿದ್ದರು. ಟಕ್. ಟಕ್.

ಗದಿಗೆಪ್ಪ ಆ ಸದ್ದಿನ ಕಡೆಗೊಮ್ಮೆ ನೋಡಿದ. ಆಮೇಲೆ ಗಾಡಿಗೆ ಕಟ್ಟಿದ್ದ ಸಾಮಾನಿನ ಹಗ್ಗ ಬಿಚ್ಚತೊಡಗಿದ. ಇಷ್ಟು ದಿನ ಎದೆಗವಚಿಕೊಂಡು ಬಂದ ಚೀಲ, ಡಬ್ಬಿ, ಎಲ್ಲವನ್ನೂ ಬಿಡಲು ಅವನು ತಯಾರಾಗಿದ್ದ.

"ಇವೆಲ್ಲಾ ಇಲ್ಲೇ ಇರಲಿ. ನೀವೊಬ್ರು ಇದ್ರ ಸಾಕ್ರಿ ನನಗ."

"ಅವು ಇರಲಿ ಬಿಡು," ಎಂದರು ಅಜ್ಜ. "ಗಾಡಿಗೆ ಬೇಕಾಗ್ತಾವ."

ಹಾಗೆಂದವರೇ ಧೋತರ ಎತ್ತಿಕಟ್ಟಿ ಮೊಣಕಾಲುದ್ದದ ನೀರಿಗೆ ಇಳಿದರು. ದೋಣಿ ಹಗುರಾಗಿ ಮೇಲೆದ್ದಿತು.

"ಸಾಮಾನು ಇಳೀತು ನೋಡು, ದುರಗಪ್ಪ. ಹುಟ್ಟು ಹಾಕು."

ಅಜ್ಜ ಎರಡೂ ಕೈಯಿಂದ ದೋಣಿಯನ್ನು ನೂಕಿದರು.

"ಅಜ್ಜಾರ!" ಗದಿಗೆಪ್ಪ ಎದ್ದು ನಿಂತ. ನೀರು ಆಗಲೇ ನಡುವೆ ಬಂದಿತ್ತು. "ನನ್ನೊಬ್ಬನ್ನ ಕಳಸಬ್ಯಾಡ್ರಿ! ನೀವೂ ಬರ್ತೀನಿ ಅಂದಿದ್ರಿ!"

ಅಜ್ಜನ ಕಂಬಳಿ ಕರಗಿತು, ಕೈ ಕರಗಿತು, ಮುಖ ಕರಗಿತು. ಮುಂದಿನಿಂದ ಊರುಗೋಲಿನ ಸದ್ದು ಹತ್ತಿರವಾಗುತ್ತಿತ್ತು. ಹಿಂದಿನಿಂದ, ಮಂಜಿನೊಳಗಿಂದ, ಅಜ್ಜನ ದನಿಯೊಂದೇ ಬಂತು.

"ಹಿಂದಿನ ಸೀಟಿನ್ಯಾಗ ನಾ ಕುಂತ್ರ, ನಿನ್ನ ತಮ್ಮ ಎಲ್ಲಿ ಕುಂದರಬೇಕೋ, ಗದಿಗೆಪ್ಪ?"