ಸುಣ್ಣದ ಗೆರೆಯ ಮನೆ

"ಗುರುಗಳೇ, ಹೆರಿಗೆ ಆಸ್ಪತ್ರೆಯ ನಕ್ಷೆ ತಿದ್ದಿ ತಿದ್ದಿ ಸಾಕಾಯಿತು. ಇನ್ನೂ ತಡವಾದರೆ ಊರವರು ಕೆಲಸವನ್ನು ಬೇರೆಯವರಿಗೆ ಒಪ್ಪಿಸುತ್ತಾರೆ. ನಾಳೆಯೇ ಪಾಯ ತೋಡಿಸಲೇ?" ಎಂದು ಶಿಷ್ಯ ಮಹಾಂತ ಕೇಳಿದ.

ಗುರು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ. ಅವನ ತಾಯಿಗೆ ಕಣ್ಣು ಕಾಣದು. ಆದರೂ ಹಳೆಯ ಮನೆಯಲ್ಲಿ ಆಕೆ ಕೋಲು ಹಿಡಿದವಳಲ್ಲ. ಯಾವ ಗೋಡೆ ಎಲ್ಲಿ ತಿರುಗುತ್ತದೆಂದು ಅಂಗಾಲಿಗೇ ಗೊತ್ತಿತ್ತು. ಒಲೆ ಹಚ್ಚುವವಳೂ ಅವಳೇ, ಮೊಮ್ಮಗಳ ಜಡೆ ಹಾಕುವವಳೂ ಅವಳೇ. ಆದರೆ ಹಿತ್ತಲಿನ ಹೊಳೆ ದಂಡೆಯನ್ನು ಕೊರೆಯುತ್ತ ಕೊರೆಯುತ್ತ ಮನೆಯ ಹತ್ತಿರಕ್ಕೆ ಬಂತು. ವ್ಯಾಪಾರಿಗೆ ಅನ್ನ ಸೇರದು, ನಿದ್ದೆ ಹತ್ತದು. ಮಳೆಗಾಲದೊಳಗೆ ತಾಯಿಯನ್ನು ಹೊಸ ಮನೆಗೆ ಸೇರಿಸಬೇಕು.

ಮೇಸ್ತ್ರಿಯನ್ನು ಕರೆದು ದಿಬ್ಬದ ಮೇಲಿನ ಜಾಗ ತೋರಿಸಿದ. ಮೇಸ್ತ್ರಿ ಮನೆ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ ನೆಲದ ಮೇಲೆ ಸುಣ್ಣದ ಗೆರೆ ಎಳೆದ. ಗೆರೆಯುದ್ದಕ್ಕೂ ಹಗ್ಗ ಹಾಸಿ, ತಾಯಿಯನ್ನು ಬರಿಗಾಲಲ್ಲಿ ಒಳಗೆ ಬಿಟ್ಟ.

ಆಕೆ ಅಂಗಾಲಿನಿಂದ ಹಗ್ಗ ಸವರುತ್ತ ನಡೆದು ನಡೆದು ನಿಂತಳು. "ಅಡುಗೆಮನೆ ಇಷ್ಟು ದೂರವೇನಪ್ಪಾ? ನಾನು ಹೋಗಿ ಮುಟ್ಟುವಷ್ಟರಲ್ಲಿ ಮೊಮ್ಮಗಳ ಮದುವೆಯೇ ಆಗಿಹೋಗಿರುತ್ತದೆ."

ಮೇಸ್ತ್ರಿ ನಕ್ಕು, ಕಾಲಿನಿಂದ ಗೆರೆ ಉಜ್ಜಿ, ಬೇರೆ ಎಳೆದ. ಮರುದಿನವೂ ಉಜ್ಜಿದ.

"ಹೊಳೆ ಕಾಯುತ್ತ ಕೂರುವುದಿಲ್ಲ, ಮೇಸ್ತ್ರೀ" ಎಂದು ವ್ಯಾಪಾರಿ ಹಲ್ಲು ಕಡಿದ.

"ಈಗ ಅಳಿಸಲಿಕ್ಕೆ ಅಂಗಾಲು ಸಾಕು, ಧಣೀ. ಆಮೇಲೆ ಹಾರೆ ಬೇಕಾಗುತ್ತದೆ. ಅಮ್ಮ ಇನ್ನೊಂದು ಸಲ ನಡೆಯಲಿ."

ಅಷ್ಟರಲ್ಲಿ ದಂಡೆಯ ಹುಣಸೆಮರ ಬುಡಸಮೇತ ಹೊಳೆಗೆ ಉರುಳಿತು. ವ್ಯಾಪಾರಿ ಇನ್ನು ಕಾಯಲಿಲ್ಲ. ಮೇಸ್ತ್ರಿಯನ್ನು ಕೆಲಸದಿಂದ ಬಿಡಿಸಿ, ಬೇರೆ ಆಳುಗಳನ್ನು ಹಚ್ಚಿ, ಅರ್ಧ ತಿದ್ದಿದ ಗೆರೆಗಳ ಮೇಲೆಯೇ ಪಾಯ ತೋಡಿಸಿದ. ಮಳೆಗೆ ಮುಂಚೆ ಮನೆ ಎದ್ದಿತು. ತಾಯಿ ಬಂದಳು. ಆ ಮಳೆಗಾಲವೇ ಹಳೆಯ ಮನೆಯನ್ನು ಹೊಳೆ ನುಂಗಿತು.

ಹೊಸ ಮನೆಯಲ್ಲಿ ತಾಯಿಯ ಹಣೆ ಗೋಡೆಗೆ ಬಡಿಯಿತು. ಮೆಟ್ಟಿಲಲ್ಲಿ ಮುಗ್ಗರಿಸಿ ಬಿದ್ದಳು. ಆಮೇಲೆ ಮೂಲೆ ಬಿಟ್ಟು ಏಳಲೇ ಇಲ್ಲ. ಒಂದು ದಿನ ಮಗನ ಕೈ ಹಿಡಿದು, "ಹೊಳೆಯಿಂದ ನನ್ನನ್ನು ಉಳಿಸಿದೆ ಮಗನೇ. ಈಗ ನಾನು ಎಲ್ಲಿದ್ದೇನೆ, ಹೇಳು" ಎಂದಳು.

ಕತೆ ಅಲ್ಲಿಗೆ ನಿಂತಿತು. ಮಹಾಂತ ಚಡಪಡಿಸಿದ. "ಆದರೂ ಹೊಳೆ ಬಂದದ್ದು ನಿಜವಲ್ಲವೇ, ಗುರುಗಳೇ? ಅವನು ಕಾದಿದ್ದರೆ ಏನು ಗತಿ?"

ಗುರು ಕೇಳಿದರು: "ನಿನ್ನ ನಕ್ಷೆಯ ಗೆರೆಗಳೊಳಗೆ ಇದುವರೆಗೆ ಒಬ್ಬಳಾದರೂ ಬಸುರಿ ನಡೆದಿದ್ದಾಳೆಯೇ?"