ಹಿರಿಯರ ಮೊದಲ ತುತ್ತು

ಯುದ್ಧದಲ್ಲಿ ಸೋತಾಗಲೂ ಇಮ್ಮಡಿ ಕೆಂಚರಾಯನಿಗೆ ಅಷ್ಟು ಸಿಟ್ಟು ಬಂದಿರಲಿಲ್ಲ. ವೇಷ ಮರೆಸಿಕೊಂಡು ಪೇಟೆಯ ನಿಂಬವ್ವನ ಖಾನಾವಳಿಗೆ ಹೋದರೆ, ಗರಡಿ ಹುಡುಗರು ಅವನನ್ನು ಮೂಲೆಗೆ ಒತ್ತರಿಸಿ, ಉಳಿದಿದ್ದ ಒಂದೇ ಒಂದು ಎಣ್ಣೆಗಾಯಿಯನ್ನು ಅವನ ಕಣ್ಣೆದುರೇ ಬಡಿಸಿಕೊಂಡು, "ನಾಳೆ ಲಗೂನ ಬಾ ಕಾಕಾ" ಎಂದುಬಿಟ್ಟಿದ್ದರು.

ಎಣ್ಣೆಗಾಯಿ ಹೋದದ್ದಕ್ಕಿಂತ 'ಕಾಕಾ' ಅಂದದ್ದು ಹೆಚ್ಚು ಚುಚ್ಚಿತು. ಮೀಸೆಗೆ ಕಪ್ಪು ಹಚ್ಚಿ ಇನ್ನೂ ಎರಡು ದಿನ ಆಗಿರಲಿಲ್ಲ.

ಮರುದಿನ ಆಸ್ಥಾನದಲ್ಲಿ ಗುಡುಗಿದ. "ಇಂದಿನಿಂದ ಇಪ್ಪತ್ತೈದು ತುಂಬದವರು ಹಿರಿಯರ ಜೊತೆಯಿಲ್ಲದೆ ಖಾನಾವಳಿಯ ಹೊಸ್ತಿಲು ತುಳಿಯಕೂಡದು! ಪಂಕ್ತಿಯಲ್ಲಿ ಎಲ್ಲರಿಗಿಂತ ಹಿರಿಯರು ತುತ್ತು ಬಾಯಿಗಿಡುವ ತನಕ ಯಾರೂ ಎಲೆ ಮುಟ್ಟಕೂಡದು. ಅವರು ಏಳುವ ತನಕ ಯಾರೂ ಏಳಕೂಡದು. ತಪ್ಪಿದವರು ಪೇಟೆ ನಡುವೆ ನೂರು ಬಸ್ಕಿ ಹೊಡೆಯಬೇಕು!"

ಎಲ್ಲರೂ ತಲೆಯಾಡಿಸಿದರು. ಆಸ್ಥಾನದ ಜಾಣ ಮರುಳಯ್ಯ ಮಾತ್ರ ಕಿವಿ ಕೆರೆದುಕೊಂಡ. "ಪ್ರಭು, ತಪ್ಪಿದವರು ದೊಡ್ಡ ಮನುಷ್ಯರಾದರೆ?"

"ಯಾರಾದರೇನು? ನಾನೇ ತಪ್ಪಿದರೆ ನಾನೇ ಹೊಡೀತೀನಿ ಬಸ್ಕಿ. ಡಂಗುರದಲ್ಲಿ ಅದನ್ನೂ ಸೇರಿಸು!"

"ಅದನ್ನೇ ಮೊದಲು ಸಾರಿಸ್ತೀನಿ ಪ್ರಭು" ಎಂದ ಮರುಳಯ್ಯ, ಬಲು ಭಕ್ತಿಯಿಂದ.

ಗರಡಿಯ ಹುಡುಗರು, ಮಗ್ಗದ ಹುಡುಗರು ಎಲ್ಲರೂ ದೂರದೂರದ ಹಳ್ಳಿಗಳಿಂದ ಬಂದವರು. ಹೊತ್ತು ಹೊತ್ತಿಗೆ ಹಿರಿಯರನ್ನು ಎಲ್ಲಿಂದ ತಂದಾರು? ಮಂಡಕ್ಕಿ ಮುಕ್ಕಿ ಮಲಗತೊಡಗಿದರು. ಒಂದು ದಿನ ನಿಂಬವ್ವ ನೇರ ಅರಮನೆಗೇ ಬಂದು ನಿಂತಳು.

"ಉಣ್ಣೋ ಮಂದೀನ ಇಲ್ಲಂದ್ರ ನಾ ಯಾರಿಗಂತ ರೊಟ್ಟಿ ಬಡೀಲಿ ದೊರೀ? ಇದೊಂದು ವಾರ ನೋಡ್ತೀನ್ರಿ. ಆಮ್ಯಾಲೆ ಬಾಗಿಲಾ ಹಾಕಿ ತವರಿಗೆ ಹೋಗಾಕಿ."

ಕೆಂಚರಾಯನಿಗೆ ಪಾಪ ಅನ್ನಿಸಿತು. ಆದರೆ ಡಂಗುರ ಹೊಡೆಸಿದ ಮಾತನ್ನು ನುಂಗುವುದು ಹೇಗೆ? ಮಾನದ ಪ್ರಶ್ನೆ.

"ಮುಚ್ಚೋದ್ಯಾಕವ್ವಾ?" ಎಂದು ಮರುಳಯ್ಯ ನಡುವೆ ಬಾಯಿ ಹಾಕಿದ. "ನಾಳೆ ಹುಡುಗರಿಗೆ ಒಬ್ಬ ಹಿರಿಯರನ್ನ ನಾನೇ ಕರೆತರ್ತೀನಿ. ಆಜ್ಞೆ ಎಷ್ಟು ಚಂದ ನಡೀತದೆ ಅಂತ ಪ್ರಭುಗಳೇ ಬಂದು ನೋಡಲಿ. ಊಟ ಅಲ್ಲೇ. ಎಣ್ಣೆಗಾಯಿ ಬೇಕಾದಷ್ಟು ಮಾಡಿಡು."

ಎಣ್ಣೆಗಾಯಿ ಎಂದದ್ದೇ ತಡ, ದೊರೆ ಒಪ್ಪಿದ. ಹೊಟ್ಟೆಯಲ್ಲಿ ಜಾಗ ಇರಲಿ ಎಂದು ಮಾರನೆಯ ಬೆಳಿಗ್ಗೆ ಹಾಲು ಕೂಡ ಕುಡಿಯಲಿಲ್ಲ.

ಖಾನಾವಳಿಯಲ್ಲಿ ಹುಡುಗರು ಸಾಲಾಗಿ ಕೂತಿದ್ದರು. ಪಂಕ್ತಿಯ ತುದಿಯಲ್ಲಿ ಹಣ್ಣು ಹಣ್ಣು ಮುದುಕಿ ತಿಪ್ಪಜ್ಜಿ. ಊರಿಗೆಲ್ಲ ಅವಳೇ ಹಿರಿಯಳು. ದೊರೆ ಅವಳ ಪಕ್ಕದಲ್ಲೇ ಕೂತ. ನೋಡಲು ಬಂದ ಊರ ಜನ ಬಾಗಿಲಲ್ಲಿ ಕಿಕ್ಕಿರಿದಿದ್ದರು.

ಬಿಸಿ ರೊಟ್ಟಿ ಬಂತು. ಎಣ್ಣೆಗಾಯಿ, ಶೇಂಗಾ ಚಟ್ನಿ, ಕೆನೆಮೊಸರು ಬಂದವು. ಒಗ್ಗರಣೆಯ ಘಮಕ್ಕೆ ದೊರೆಯ ಕೈ ತಾನಾಗಿಯೇ ಎಲೆಯತ್ತ ಹೋಯಿತು.

"ಪ್ರಭು, ಬಸ್ಕಿ" ಎಂದು ಹಿಂದಿನಿಂದ ಮರುಳಯ್ಯ ಪಿಸುಗುಟ್ಟಿದ.

ಕೈ ಹಿಂದೆ ಬಂತು. ದೊರೆ ಅಜ್ಜಿಯ ಕಡೆ ನೋಡಿದ. ಅಜ್ಜಿ ಮಡಿಲಲ್ಲಿ ಕೈಯಿಟ್ಟುಕೊಂಡು ಹಾಯಾಗಿ ಕೂತಿದ್ದಳು.

"ಶುರು ಮಾಡಜ್ಜೀ."

"ಅವಸರ ಏನೈತೋ ತಮ್ಮಾ? ನಿಮ್ಮಜ್ಜಾರ ಮದುವಿ ಊಟ ಹೆಂಗಿತ್ತು, ಹೇಳ್ತೀನಿ ಕೇಳು."

ಹೇಳಿದಳು. ಎಷ್ಟು ಬಗೆಯ ಹೋಳಿಗೆ, ಎಷ್ಟು ತುಪ್ಪ, ಯಾವ ಬೀಗರು ಎಷ್ಟು ತಿಂದರು, ಒಂದೂ ಬಿಡದೆ ಹೇಳಿದಳು. ರೊಟ್ಟಿ ಆರಿತು. ದೊರೆಯ ಹೊಟ್ಟೆಯ ತಾಳ ಬಾಗಿಲಲ್ಲಿದ್ದವರಿಗೂ ಕೇಳಿಸಿತು. ಹುಡುಗರು ಮಾತ್ರ ಕೈಕಟ್ಟಿ, ತುಟಿ ಕಚ್ಚಿ, ಮುದ್ದು ಮಕ್ಕಳ ಹಾಗೆ ಕೂತಿದ್ದರು. ದೊರೆ ಎದ್ದು ಹೋಗೋಣವೆಂದರೆ ಅದಕ್ಕೂ ಬಸ್ಕಿ!

ಮದುವೆ ಮುಗಿದು ಸೀಮಂತ ಶುರುವಾದಾಗ ದೊರೆಗೆ ತಡೆಯಲಾಗಲಿಲ್ಲ.

"ಮರುಳಯ್ಯಾ! ಈಕೆ ಉಣ್ಣೋದು ಯಾವಾಗ?"

"ನಾಳೆ ಬೆಳಿಗ್ಗೆ ಪ್ರಭು."

"ಏನು?"

"ಇವತ್ತು ಸೋಮವಾರ. ಅಜ್ಜಿಗೆ ಉಪವಾಸ."

"ಉಪವಾಸ ಇದ್ದವಳು ಖಾನಾವಳಿಗೆ ಯಾಕೆ ಬಂದಳಯ್ಯಾ?"

"ಉಣ್ಣೋಕೆ ಬಂದಿಲ್ಲ ಪ್ರಭು" ಎಂದು ಮರುಳಯ್ಯ ಕೈಮುಗಿದ. "ನಿಮ್ಮ ಆಜ್ಞೆ ನಡೆಸೋಕೆ ಬಂದಿದ್ದಾರೆ."

ಬಾಗಿಲಲ್ಲಿದ್ದವರು ಗೊಳ್ಳೆಂದರು. ಕೆಂಚರಾಯ ಒಮ್ಮೆ ಅಜ್ಜಿಯನ್ನು ನೋಡಿದ, ಒಮ್ಮೆ ಎಣ್ಣೆಗಾಯಿಯನ್ನು ನೋಡಿದ. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಇರಲಿಲ್ಲ. ನಗು ಬಂತು. "ಆಜ್ಞೆ ರದ್ದು! ಇವತ್ತಿಂದ ಹಸಿದವರು ಉಣ್ಣಲಿ!" ಎಂದು ಕೂಗಿ ಎಲೆಯ ಮೇಲೆ ಮುಗಿಬಿದ್ದ. ಹುಡುಗರೂ ಹಿಂದೆ ಬೀಳಲಿಲ್ಲ.

ದೊರೆ ಮೂರನೆಯ ರೊಟ್ಟಿಯಲ್ಲಿದ್ದಾಗ, ಮರುಳಯ್ಯನತ್ತ ಕೈಬೀಸಿ, ಬಾಯಿ ತುಂಬ ತುತ್ತಿಟ್ಟುಕೊಂಡೇ ಏನೋ ಅಂದ. ಒಂದಕ್ಷರ ಯಾರಿಗೂ ತಿಳಿಯಲಿಲ್ಲ.

"ಕೇಳಿದಿಯೇನವ್ವಾ ನಿಂಬವ್ವಾ?" ಎಂದು ಮರುಳಯ್ಯ ಊರಿಗೆಲ್ಲ ಕೇಳುವಂತೆ ಸಾರಿದ. "ಹುಡುಗರಿಗೆ ರೊಟ್ಟಿ ಬಡಿಯೋಕೆ ನಿನಗೆ ವರ್ಷದ ಜೋಳ ಅರಮನೆಯಿಂದಲೇ ಬರ್ತದಂತೆ!"

ಜನ ಜಯಕಾರ ಹಾಕಿದರು. ದೊರೆ ಗಡಬಡಿಸಿ ತುತ್ತು ನುಂಗುವಷ್ಟರಲ್ಲಿ ನಿಂಬವ್ವ ಅವನ ಕಾಲಿಗೆ ಬಿದ್ದಾಗಿತ್ತು.