ನಲವತ್ತು ಸಾವಿರದ ಗೇಮಿಂಗ್ ಕಂಪ್ಯೂಟರ್

ಹುಲಿಗೊಂಡಿಯ ರಾಜ ವಿಕ್ರಾಂತರಾಯನಿಗೆ ಮೀಸೆ ಉದ್ದ, ಕೈ ಬಿಗಿ. ಒಮ್ಮೆ ಅವನು ಪಕ್ಕದ ರಾಜ್ಯವಾದ ಬಿಳಿಗಲ್ಲಿನ ಅರಮನೆಗೆ ಊಟಕ್ಕೆ ಹೋದ. ಊಟವಾದ ಮೇಲೆ ಅಲ್ಲಿನ ರಾಜ ತನ್ನ ಗೇಮಿಂಗ್ ಕಂಪ್ಯೂಟರಿನ ಮುಂದೆ ಕೂರಿಸಿ, ಕಾರ್ ರೇಸಿನಲ್ಲಿ ಇವನನ್ನು ಏಳು ಸಲ ಸೋಲಿಸಿ ಕಳಿಸಿದ.

ಹೊಟ್ಟೆಯೊಳಗೆ ಬೆಂಕಿ ಇಟ್ಟುಕೊಂಡೇ ಬಂದ ವಿಕ್ರಾಂತರಾಯ ಮರುದಿನ ಆಸ್ಥಾನದಲ್ಲಿ ಮೀಸೆ ತಿರುವಿದ. ಬರುವ ಹುಣ್ಣಿಮೆಗೆ ಬಿಳಿಗಲ್ಲಿನವನು ನಮ್ಮಲ್ಲಿಗೆ ಬರುತ್ತಾನೆ, ಅಷ್ಟರಲ್ಲಿ ಅವನದಕ್ಕೆ ಸರಿಸಮನಾದ ಯಂತ್ರ ಇಲ್ಲಿರಬೇಕು, ನಮ್ಮ ಮನೆಯಲ್ಲೇ ಅವನ ಸೊಕ್ಕು ಮುರಿಯುತ್ತೇನೆ ಎಂದ. ಎಷ್ಟು ಖರ್ಚಾದೀತು ಎಂದು ಪ್ರಧಾನಿ ಶೇಷರಾಯನನ್ನು ಕೇಳಿದ.

ಶೇಷರಾಯನಿಗೆ ಕೀಬೋರ್ಡಿಗೂ ಹಾರ್ಮೋನಿಯಂಗೂ ವ್ಯತ್ಯಾಸ ತಿಳಿಯದು. ಆದರೆ ರಾಜರಿಗೆ ಸಣ್ಣ ಮೊತ್ತ ಕೇಳಿದರೆ ಖುಷಿ ಎಂಬುದು ತಿಳಿದಿತ್ತು. ಹುಲಿಗೊಂಡಿಯಲ್ಲಿ ಪ್ರಧಾನಿಯಾಗಲು ಅಷ್ಟು ವಿದ್ಯೆ ಸಾಕು.

"ನಲವತ್ತು ಸಾವಿರ ರೂಪಾಯಿ, ಹದಿನೈದು ದಿನ. ಧಾರಾಳವಾಯಿತು ಪ್ರಭು," ಎಂದ.

ಅರಮನೆಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಮಾದಿರಾಜ. ಅವನಿಗೆ ಮೈಯೆಲ್ಲ ಉರಿಯಿತು. ಬಿಳಿಗಲ್ಲಿನ ಯಂತ್ರಕ್ಕೆ ಮೂರು ಲಕ್ಷ ಬಿದ್ದಿದೆ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಒಂದೇ ಈ ನಲವತ್ತನ್ನು ನುಂಗಿ ನೀರು ಕುಡಿಯುತ್ತದೆ ಎಂದು ವಿವರಿಸಲು ಹೋದ.

"ಆಗುತ್ತೋ ಇಲ್ಲವೋ ಅಷ್ಟು ಹೇಳು. ಆಗದಿದ್ದರೆ ಕೆಲಸ, ಮನೆ ಎರಡನ್ನೂ ಬಿಟ್ಟು ಊರಾಚೆ ನಡಿ," ಎಂದ ರಾಜ.

ಮಾದಿರಾಜನ ಹೆಂಡತಿ ಅರಮನೆ ಕೊಟ್ಟ ಆ ಮನೆಯ ಹಿತ್ತಲಲ್ಲಿ ಹಿಂದಿನ ವಾರವಷ್ಟೇ ಬದನೆ ಸಸಿ ನೆಟ್ಟಿದ್ದಳು. ಅವನು ಬಾಯಿ ಮುಚ್ಚಿಕೊಂಡು ದುಡ್ಡು ತೆಗೆದುಕೊಂಡ.

ಮುಚ್ಚಿಹೋದ ಒಂದು ವಿಮಾ ಕಚೇರಿಯಿಂದ ಹಳೆಯ ಕಂಪ್ಯೂಟರ್ ತಂದ. ಐದು ವರ್ಷ ರಸೀದಿ ಬರೆದದ್ದು ಬಿಟ್ಟರೆ ಪಾಪ ಅದಕ್ಕೆ ಬೇರೆ ದುಡಿಮೆಯೇ ಇರಲಿಲ್ಲ, ಪ್ರೊಸೆಸರ್ ಗಟ್ಟಿಮುಟ್ಟಾಗಿತ್ತು. ಮದುವೆ ವಿಡಿಯೋ ಮಾಡುವ ಸ್ಟುಡಿಯೋದವನು ಬಳಸಿ ಬದಿಗಿಟ್ಟಿದ್ದ ಗ್ರಾಫಿಕ್ಸ್ ಕಾರ್ಡನ್ನು ಚೌಕಾಸಿ ಮಾಡಿ ಕೊಂಡು, ಬ್ರಷ್ಷಿನಿಂದ ಧೂಳು ತೆಗೆದ. ಒಳಗೆಲ್ಲ ಕರೆಂಟು ಹಂಚುವ ಪವರ್ ಸಪ್ಲೈ ಮಾತ್ರ ಹೊಸದೇ ತಂದ. ಅದರಲ್ಲಿ ಜುಗ್ಗತನ ಮಾಡಿದರೆ ಉಳಿದದ್ದೆಲ್ಲ ಒಂದು ದಿನ ಹೊಗೆಯಾಗುತ್ತದೆಂದು ಅವನಿಗೆ ಗೊತ್ತಿತ್ತು. ಇಂಥ ಯಂತ್ರಗಳಿಗೆ ಸಿಂಗಾರಕ್ಕೆಂದು ಹಾಕುವ ಮಿಣಮಿಣ ದೀಪಗಳಿಗೆ ಒಂದು ಕಾಸೂ ಬಿಚ್ಚಲಿಲ್ಲ.

ಹುಣ್ಣಿಮೆಯ ಹಿಂದಿನ ದಿನ ಯಂತ್ರ ದರ್ಬಾರಿಗೆ ಬಂತು. ರಾಜ ಕೂತು ಆಡಿದ. ಕಾರು ಎಲ್ಲೂ ತಡವರಿಸದೆ ಓಡಿತು. ರಾಜ ಸಿಂಹಾಸನದಲ್ಲೇ ಕುಣಿದಾಡಿ, ಭೇಷ್ ಮಾದಿರಾಜ ಎಂದ.

ಇನ್ನೊಬ್ಬನಿಗೆ ಭೇಷ್ ಎಂದರೆ ಶೇಷರಾಯನಿಗೆ ಅನ್ನ ಇಳಿಯದು. ಯಂತ್ರದ ಡಬ್ಬಿಯ ಮುಚ್ಚಳ ತೆಗೆಸಿ, ಮೂಗು ತೂರಿಸಿ ನೋಡಿದ. ಕಾರ್ಡಿನ ಬೆನ್ನ ಮೇಲೆ ಸ್ಟುಡಿಯೋದ ಚೀಟಿ ಹಾಗೇ ಅಂಟಿಕೊಂಡಿತ್ತು.

"ಪ್ರಭು, ಇದು ಯಾರೋ ಬಳಸಿ ಬಿಟ್ಟ ಎಂಜಲು. ತಮ್ಮ ಕೈಯಲ್ಲಿ ಎಂಜಲು ಮುಟ್ಟಿಸಿದ್ದಾನೆ ಇವನು," ಎಂದ.

ರಾಜ ಹಾವು ಮುಟ್ಟಿದವನಂತೆ ಕೈ ಹಿಂದೆಳೆದುಕೊಂಡ. ಒಮ್ಮೆ ಉಟ್ಟ ಪಂಚೆಯನ್ನು ಮತ್ತೊಬ್ಬರು ಮುಟ್ಟಿದರೆ ಮತ್ತೆ ಉಡದ ವಂಶವಂತೆ ಅವನದು. ಐದು ನಿಮಿಷದ ಹಿಂದಿನ ಭೇಷ್ ಎತ್ತ ಹೋಯಿತೋ, ಡಬ್ಬಿಯೂ ಹೊರಗೆ, ನೀನೂ ಹೊರಗೆ ಎಂದು ಗುಡುಗಿದ.

ಮಾದಿರಾಜ ಕೈ ಮುಗಿದ. "ಆಗಲಿ ಪ್ರಭು. ಆದರೆ ನನ್ನ ಡಬ್ಬಿಯೊಂದನ್ನೇ ಹೊರಹಾಕಿದರೆ, ರಾಜರಿಗೆ ನನ್ನ ಮೇಲೆ ಹಗೆ ಅಂತ ಜನ ಆಡಿಕೊಳ್ತಾರೆ. ಬಳಸಿದ್ದು ಏನಿದ್ದರೂ ಅರಮನೆಯಿಂದ ಹೊರಗೆ ಅಂತ ಒಂದು ಆಜ್ಞೆ ಬರೆಸಿ. ಸಾಗಿಸೋ ಕೆಲಸ ನಾನೇ ಮುಗಿಸಿ ಊರು ಬಿಡ್ತೀನಿ."

ಶೇಷರಾಯ ಹಲ್ಲು ಕಿರಿಯುತ್ತ ತಾನೇ ಬರೆದ. ಇನ್ನೊಬ್ಬರು ಬಳಸಿದ ಯಾವ ವಸ್ತುವೂ ಸೂರ್ಯ ಮುಳುಗಿದ ಮೇಲೆ ಅರಮನೆಯಲ್ಲಿ ಇರಕೂಡದು, ಇದ್ದದ್ದನ್ನು ಮಾದಿರಾಜ ಹೊರಗೆ ಸಾಗಿಸತಕ್ಕದ್ದು. ರಾಜ ಓದದೆಯೇ ಮುದ್ರೆ ಒತ್ತಿದ.

ಮೂರನೇ ಜಾವ ಕಳೆಯುವ ಮೊದಲೇ ಮಾದಿರಾಜ ನಾಲ್ಕು ಜನ ಹಮಾಲರನ್ನೂ ಒಂದು ಎತ್ತಿನ ಗಾಡಿಯನ್ನೂ ಕರೆದುಕೊಂಡು ಬಂದ. ಡಬ್ಬಿಯತ್ತ ತಿರುಗಿಯೂ ನೋಡದೆ ನೇರ ಸಿಂಹಾಸನದ ಮುಂದೆ ನಿಂತ.

"ಪ್ರಭು, ಸ್ವಲ್ಪ ಏಳ್ತೀರಾ?"

"ಯಾಕೆ?"

"ಇದರ ಮೇಲೆ ತಮ್ಮ ತಂದೆಯವರು ಕೂತಿದ್ದರು. ಅದಕ್ಕೂ ಮುಂಚೆ ಅಜ್ಜನವರು, ಮುತ್ತಜ್ಜನವರು. ದಿಂಬೆಲ್ಲ ತಗ್ಗು ಬಿದ್ದಿದೆ ನೋಡಿ. ಗಾಡಿ ಕಾಯ್ತಾ ಇದೆ. ಏಳುವಾಗ ಕಿರೀಟವನ್ನೂ ಕೊಟ್ಟುಬಿಡಿ, ಅದು ಐದು ತಲೆ ಕಂಡದ್ದು."

ಶೇಷರಾಯ ಅರಚಿಕೊಂಡ, ಇದು ರಾಜದ್ರೋಹ ಎಂದ. ಮಾದಿರಾಜ ಶಾಂತವಾಗಿ ಅವನತ್ತ ತಿರುಗಿದ. "ತಮ್ಮ ಸರದಿ ಆಮೇಲೆ ಬರುತ್ತೆ ಪ್ರಧಾನಿಗಳೇ. ತಮ್ಮ ಪದವಿಯನ್ನೂ ಅಪ್ಪ, ಅಜ್ಜ ಬಳಸಿದ್ದಾರೆ. ಅದರ ಧೂಳನ್ನು ಯಾರೂ ಇನ್ನೂ ಕೊಡವಿಲ್ಲ."

ದರ್ಬಾರಿನಲ್ಲಿ ಯಾರೋ ಕಿಸಕ್ಕೆಂದರು. ಹಮಾಲರು ಸಿಂಹಾಸನದ ನಾಲ್ಕು ಕಾಲಿಗೂ ಕೈ ಹಾಕಿದರು. ರಾಜ ಆಜ್ಞೆಯ ಕಾಗದ ಕೇಳಿ ಪಡೆದು, ಮೊದಲ ಸಲ ಅದನ್ನು ಓದಿದ. ಓದಿ ಮುಗಿಸುವಷ್ಟರಲ್ಲಿ ಅವನ ಮೀಸೆ ಇಳಿದುಹೋಗಿತ್ತು.

"ಅಲ್ಲಯ್ಯಾ, ನಾಳೆ ಬಿಳಿಗಲ್ಲಿನವನು ಬರ್ತಾನೆ. ನೀನು ಇದನ್ನು ಒಯ್ದರೆ ನಾನು ಎಲ್ಲಿ ಕೂರಲಿ?" ಎಂದು ಮೆಲ್ಲಗೆ ಕೇಳಿದ.

"ಹೊಸ ಸಿಂಹಾಸನ ಮಾಡಿಸಿ ಪ್ರಭು," ಎಂದ ಮಾದಿರಾಜ. "ಪ್ರಧಾನಿಗಳಿಗೆ ನಲವತ್ತು ಸಾವಿರ ಕೊಡಿ. ಧಾರಾಳವಾಯಿತು ಅಂತಾರೆ."

ರಾಜ ಶೇಷರಾಯನ ಬೆವೆತ ಮುಖ ನೋಡಿದ. ನಗು ಅವನ ಹೊಟ್ಟೆಯಿಂದಲೇ ಎದ್ದು ಬಂತು. ಕಾಗದವನ್ನು ಹರಿದು ಪ್ರಧಾನಿಯ ಕೈಗೇ ಕೊಟ್ಟ. ಯಂತ್ರವನ್ನು ಇದ್ದಲ್ಲೇ ಇರಿಸಿ, ಮಾದಿರಾಜನಿಗೆ ಮನೆಯನ್ನು ಶಾಶ್ವತವಾಗಿ ಬರೆದುಕೊಟ್ಟು, ಗಾಡಿ ಹೇಗೂ ಬಂದಿದೆ, ಶೇಷರಾಯನನ್ನು ಮನೆಗೆ ಬಿಟ್ಟು ಬರಲಿ ಎಂದ.